ಪ್ರಾಜೆಕ್ಟ್ ಬಂತು, ದನಿ ಬರಲಿಲ್ಲ: ಕಲಬುರಗಿಯ ಒಂದು ಮನೆ ಸ್ಟುಡಿಯೋದ ಪ್ರಕರಣ

ಮೇ ತಿಂಗಳ ಒಂದು ಶುಕ್ರವಾರ ಸಂಜೆ ಕಾಕಾ ಫೋನ್ ಮಾಡಿದರು. ಹೊಸ ಕಂಪ್ಯೂಟರ್ ಬಂದಿದೆ, ಹಳೆಯದನ್ನು ಸೋಮವಾರ ಅಂಗಡಿಯವರು ಎಕ್ಸ್‌ಚೇಂಜಿಗೆ ಒಯ್ಯುತ್ತಾರೆ, ಅಷ್ಟರೊಳಗೆ ಒಮ್ಮೆ ಬಂದು ಹೋಗು ಅಂದರು. "ಕಾಪಿ ಎಲ್ಲಾ ಹೊಡ್ದೀನಿ ತಮ್ಮಾ. ಸುಮ್ನ ಒಮ್ಮಿ ನೋಡು, ಅಷ್ಟ."

ಅವರು ನನ್ನ ಸ್ವಂತ ಕಾಕಾ ಅಲ್ಲ, ಅಪ್ಪನ ಗೆಳೆಯರು. ಬ್ರಹ್ಮಪುರದಲ್ಲಿ ಮನೆಯ ಮೇಲಿನ ಕೋಣೆಯೇ ಅವರ ಸ್ಟುಡಿಯೋ. ಗೋಡೆಗೆ ಹಳೆಯ ಕೌದಿಗಳನ್ನು ಹೊಡೆದಿದ್ದಾರೆ. ಆರು ಮೈಕ್, ಅವುಗಳ ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಎಂಟು ಇನ್‌ಪುಟ್‌ನ ಒಂದು ಇಂಟರ್‌ಫೇಸ್, ಒಂದು ಹಾರ್ಮೋನಿಯಂ. ಭಜನಾ ಮಂಡಳಿಗಳ ಹಾಡು, ಮದುವೆ ಹಾಡು, ಶಾಲೆಗಳ ಕಾರ್ಯಕ್ರಮ, ಆಟೋದಲ್ಲಿ ಕೂಗುವ ಪ್ರಚಾರ, ಇದರಿಂದ ಮನೆ ನಡೆಯುತ್ತದೆ. ಆದರೆ ಅವರು ಮನಸ್ಸಿಟ್ಟು ಮಾಡುವ ಕೆಲಸ ಬೇರೆ. ತತ್ವಪದ ಹಾಡುವ ಹಿರಿಯರನ್ನು ಕರೆಸಿ, ದುಡ್ಡು ತೆಗೆದುಕೊಳ್ಳದೆ ರೆಕಾರ್ಡ್ ಮಾಡುತ್ತಾರೆ. ಕಡಕೋಳ ಮಡಿವಾಳಪ್ಪನವರ ಜಿಲ್ಲೆ ಇದು. ಇಲ್ಲಿ ಪದಗಳು ಇವತ್ತಿಗೂ ಬಾಯಿಂದ ಬಾಯಿಗೆ ಬರುತ್ತವೆ. ಒಂದೇ ಪದ ಒಂದೊಂದು ಊರಲ್ಲಿ ಒಂದೊಂದು ಧಾಟಿ.

2019ರಲ್ಲಿ ಜೇವರ್ಗಿ ತಾಲ್ಲೂಕಿನ ಒಬ್ಬ ಮುತ್ಯಾ, ಅಂದರೆ ಅಜ್ಜ, ಬಂದು ಐದು ದಿನ ಕಾಕಾನ ಮನೆಯಲ್ಲೇ ಉಳಿದು 22 ಪದ ಹಾಡಿದ್ದರು. ಏಕತಾರಿ ಅವರದೇ. ದಮ್ಮಡಿ, ತಾಳ, ಹಾರ್ಮೋನಿಯಂ, ಹಿಂದೆ ದನಿ ಕೂಡಿಸುವ ಇಬ್ಬರು. ಈಗ ಎರಡು ವರ್ಷದಿಂದ ಮುತ್ಯಾನ ದನಿ ಬಿದ್ದಿದೆ. ಮಾತಾಡುತ್ತಾರೆ, ಹಾಡುವುದಿಲ್ಲ. ಅಂದರೆ ಆ 22 ಪದಗಳನ್ನು ಇನ್ನೊಮ್ಮೆ ರೆಕಾರ್ಡ್ ಮಾಡಲು ಆಗುವುದೇ ಇಲ್ಲ. ಈ ಮಾತು ತಲೆಯಲ್ಲಿದ್ದುದರಿಂದಲೇ ನಾನು ಶನಿವಾರ ಬೆಳಗ್ಗೆ ಏಳಕ್ಕೇ ಹೋದೆ.

ಮೊದಲ ಅರ್ಧ ಗಂಟೆ

ಹಳೆಯ ಕಂಪ್ಯೂಟರ್ 2013ರದು. ವಿಂಡೋಸ್ 7. ಒಂದೇ ಒಂದು ಟಿಬಿ ಹಾರ್ಡ್ ಡಿಸ್ಕ್, ಅದನ್ನೇ ಸಿ, ಡಿ ಎಂದು ಎರಡು ಭಾಗ ಮಾಡಿದ್ದು. ರೆಕಾರ್ಡಿಂಗ್ ಎಲ್ಲ ರೀಪರ್ ಸಾಫ್ಟ್‌ವೇರಿನಲ್ಲಿ. ಕಾಕಾ ಡಿ ಭಾಗದಲ್ಲಿದ್ದ ಫೋಲ್ಡರುಗಳನ್ನೆಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಎಳೆದು ಹಾಕಿದ್ದರು. ಸುಮಾರು 300 ಜಿಬಿ. ಹಳೆಯ ಯುಎಸ್‌ಬಿ 2 ಪೋರ್ಟ್ ಆದ್ದರಿಂದ ಸೆಕೆಂಡಿಗೆ 30 ಎಂಬಿ ಆಸುಪಾಸು ಹೋಗಿದೆ, ಮೂರು ಗಂಟೆ ಹಿಡಿದಿದೆ. ಎಲ್ಲೂ ಎರರ್ ಬಂದಿಲ್ಲ. ಅಲ್ಲಿಂದ ಹೊಸ ಕಂಪ್ಯೂಟರಿಗೂ ಹಾಕಿದ್ದಾರೆ.

ನಾನು ಮೊದಲು ಮಾಡಿದ್ದು ಎರಡು ಕೆಲಸ. ಹಳೆಯದನ್ನು ಆಫ್ ಮಾಡಿಸಿದೆ. ಎಕ್ಸ್‌ಟರ್ನಲ್ ಡಿಸ್ಕಿನ ವೈರ್ ಕಿತ್ತೆ. ಆಮೇಲೆ ಹೊಸದರಲ್ಲಿ ಪದಗಳನ್ನು ಒಂದೊಂದಾಗಿ ತೆರೆದೆ. ವೈರ್ ಕೀಳುವುದು ಯಾಕೆ ಮುಖ್ಯ ಅಂದರೆ, ಹೊಸ ಕಂಪ್ಯೂಟರಿನಲ್ಲಿ ಆ ಡಿಸ್ಕಿಗೂ ಡಿ ಅನ್ನುವ ಅಕ್ಷರವೇ ಬಂದಿತ್ತು. ವೈರ್ ಇದ್ದರೆ ಸಾಫ್ಟ್‌ವೇರ್ ಅಲ್ಲಿಂದಲೇ ಧ್ವನಿ ಓದಿ, ಎಲ್ಲ ಸರಿ ಇದೆ ಎಂದು ತೋರಿಸುವ ಸಾಧ್ಯತೆ ಇತ್ತು.

22ರಲ್ಲಿ 12 ಪದ ಸರಿಯಾಗಿ ತೆರೆದವು. 9 ಪದಗಳಲ್ಲಿ ಟ್ರ್ಯಾಕುಗಳಿವೆ, ಹೆಸರುಗಳಿವೆ, ಕಾಕಾ ಕೂತು ಮಾಡಿದ ಕಟಿಂಗ್ ಎಲ್ಲ ಇದೆ, ಧ್ವನಿ ಇಲ್ಲ. ಫೈಲ್ ಸಿಗುತ್ತಿಲ್ಲ ಎಂಬ ಉದ್ದನೆ ಪಟ್ಟಿ. 14ನೇ ಪದದಲ್ಲಿ ಹಾರ್ಮೋನಿಯಂ ಒಂದೇ ಇಲ್ಲ.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಳೇದ್ರಾಗ ಛಲೋ ನಡೀತಿತ್ತಲ್ಲ ತಮ್ಮಾ?" ಅಂದರು.

ಹೌದು. ಹಳೆಯದರಲ್ಲಿ ನಡೆಯುತ್ತಿದ್ದುದರಿಂದಲೇ ಆರು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ.

ಯಾಕೆ ಹೀಗಾಯಿತು

ಬಹಳ ಜನ ಪ್ರಾಜೆಕ್ಟ್ ಫೈಲ್ ಅಂದರೆ ಹಾಡು ಅಂದುಕೊಂಡಿದ್ದಾರೆ. ಅದು ಹಾಡಲ್ಲ. ಯಾವ ಟ್ರ್ಯಾಕಿನಲ್ಲಿ ಯಾವ ಧ್ವನಿ ಫೈಲ್, ಅದು ಎಲ್ಲಿಂದ ಶುರು, ಎಲ್ಲಿ ಕಟ್, ಎಷ್ಟು ಜೋರು, ಯಾವ ಎಫೆಕ್ಟ್, ಇಷ್ಟನ್ನು ಬರೆದಿಟ್ಟ ಚೀಟಿ. ಲಗ್ನಪತ್ರಿಕೆಯಲ್ಲಿ ಮದುವೆ ಎಲ್ಲಿ ಅಂತ ಇರುತ್ತದೆ, ಮದುವೆ ಇರುವುದಿಲ್ಲ ಅಲ್ವಾ, ಹಾಗೆ. ಧ್ವನಿ ಇರುವುದು ವೇವ್ ಫೈಲುಗಳಲ್ಲಿ. ಅಳತೆ ನೋಡಿದರೇ ತಿಳಿಯುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ನಿಮಿಷ 8.64 ಎಂಬಿ. ಆರು ಮೈಕಿಗೆ ನಿಮಿಷಕ್ಕೆ ಸುಮಾರು 52 ಎಂಬಿ. ಹತ್ತು ನಿಮಿಷದ ಒಂದು ಪದ ಅರ್ಧ ಜಿಬಿ ದಾಟುತ್ತದೆ. ಪ್ರಾಜೆಕ್ಟ್ ಫೈಲ್ ಕೆಲವು ನೂರು ಕೆಬಿ ಮಾತ್ರ.

ರೀಪರಿನ ಪ್ರಾಜೆಕ್ಟ್ ಫೈಲ್ ಸಾದಾ ಅಕ್ಷರಗಳ ಫೈಲ್. ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ಧ್ವನಿ ತಪ್ಪಿದ ಒಂದು ಪದವನ್ನು ಹಾಗೆ ತೆರೆದೆ. ಸರಿ ಇದ್ದ ಪದಗಳಲ್ಲಿ ಬರೀ ಫೈಲಿನ ಹೆಸರಿತ್ತು. ಅಂದರೆ ಪ್ರಾಜೆಕ್ಟ್ ಇರುವ ಫೋಲ್ಡರಿನಲ್ಲೇ ಹುಡುಕು ಎಂದರ್ಥ. ತಪ್ಪಿದ್ದರಲ್ಲಿ ಸಿ ಡ್ರೈವಿನಿಂದ ಶುರುವಾಗುವ ಪೂರ್ತಿ ವಿಳಾಸವಿತ್ತು, ಡಾಕ್ಯುಮೆಂಟ್ಸ್ ಒಳಗಿನ ರೀಪರ್ ಮೀಡಿಯಾ ಎಂಬ ಫೋಲ್ಡರಿನದು.

ಆಗ ಕಾಕಾಗೆ ನೆನಪಾಯಿತು. ಮೊದಲ ಎರಡು ದಿನ ಮುತ್ಯಾ ಬಂದವರೇ ಕೂತು ಶ್ರುತಿ ಹಿಡಿದು ಹಾಡತೊಡಗಿದ್ದರು. ಅವರನ್ನು ನಿಲ್ಲಿಸಲು ಮನಸ್ಸು ಬರಲಿಲ್ಲ. ಹೊಸ ಪ್ರಾಜೆಕ್ಟ್ ತೆರೆದು, ಸೇವ್ ಮಾಡದೆ, ರೆಕಾರ್ಡ್ ಒತ್ತಿದರು. ಹೆಸರು ಕೊಟ್ಟು ಸೇವ್ ಮಾಡಿದ್ದು ಹಾಡು ಮುಗಿದ ಮೇಲೆ. ಪ್ರಾಜೆಕ್ಟ್ ಸೇವ್ ಆಗದೇ ಇದ್ದಾಗ ಧ್ವನಿ ಎಲ್ಲಿ ಕೂರಬೇಕು ಎಂದು ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲ, ತನ್ನದೇ ಒಂದು ಜಾಗದಲ್ಲಿ ಇಡುತ್ತದೆ. ಆಮೇಲೆ ಡಿ ಡ್ರೈವಿನಲ್ಲಿ ಸೇವ್ ಮಾಡಿದಾಗ ಚೀಟಿ ಮಾತ್ರ ಅಲ್ಲಿಗೆ ಹೋಯಿತು. ಧ್ವನಿ ಸಿ ಡ್ರೈವಿನಲ್ಲೇ ಉಳಿಯಿತು. ನಾನು ಅವರನ್ನು ದೂರುವುದಿಲ್ಲ. ಆ ಹೊತ್ತಿನಲ್ಲಿ ಮುತ್ಯಾನನ್ನು ತಡೆಯದೇ ಇದ್ದದ್ದೇ ಸರಿ. ಆ ಮೊದಲ ದಿನದ ಪದಗಳಲ್ಲಿರುವ ಹುಮ್ಮಸ್ಸು ಮೂರನೇ ದಿನದವುಗಳಲ್ಲಿ ಇಲ್ಲ.

ಹಳೆಯ ಕಂಪ್ಯೂಟರ್ ಮತ್ತೆ ಆನ್ ಮಾಡಿ ಸಿ ಡ್ರೈವ್ ನೋಡಿದೆವು. ಒಂಬತ್ತು ಪದ, ಆರು ಮೈಕ್, ಮೂರು ಟೇಕ್. 162 ಫೈಲ್ ಎಣಿಸಿದೆವು, ಹತ್ತಿರ ಹತ್ತಿರ 11 ಜಿಬಿ. ಒಂದೂ ತಪ್ಪಿರಲಿಲ್ಲ. ಸೋಮವಾರ ಅಂಗಡಿಯವರು ಫಾರ್ಮ್ಯಾಟ್ ಮಾಡುತ್ತಿದ್ದುದು ಇದೇ ಡಿಸ್ಕನ್ನು.

ಹಾರ್ಮೋನಿಯಂ

ಹದಿನಾಲ್ಕನೇ ಪದದ ಕತೆ ಬೇರೆ. ಆ ದಿನ ಹಾರ್ಮೋನಿಯಂ ಮಾಸ್ತರಿಗೆ ಬರಲಾಗಿರಲಿಲ್ಲ. ಆಮೇಲೆ ಕಾಕಾ ಕೈಯಲ್ಲಿ ಹಿಡಿಯುವ ರೆಕಾರ್ಡರ್ ತೆಗೆದುಕೊಂಡು ಅವರ ಮನೆಗೇ ಹೋಗಿ ನುಡಿಸಿಸಿಕೊಂಡು ಬಂದಿದ್ದರು. ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಅದರಲ್ಲಿದ್ದ ಫೈಲನ್ನು ನೇರವಾಗಿ ಪ್ರಾಜೆಕ್ಟಿಗೆ ಎಳೆದು ಬಿಟ್ಟಿದ್ದಾರೆ. ಹಾಗೆ ಎಳೆದರೆ, ಸೆಟ್ಟಿಂಗ್ ಬದಲಿಸಿರದಿದ್ದರೆ, ಫೈಲ್ ಇದ್ದಲ್ಲೇ ಇರುತ್ತದೆ. ವಿಳಾಸ ಮಾತ್ರ ಬರುತ್ತದೆ. ಅವತ್ತೇ ಮಿಕ್ಸ್ ಮಾಡಿ ಎಂಪಿ3 ತೆಗೆದು ಮುತ್ಯಾನ ಮೊಮ್ಮಗನಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಕಾರ್ಡ್ ಹೊರಗೆ ತೆಗೆದರು. ಆಮೇಲೆ ಆ ಕಾರ್ಡಿನಲ್ಲಿ ಎಷ್ಟು ಮದುವೆ, ಎಷ್ಟು ಜಾತ್ರೆ ತುಂಬಿ ಅಳಿಸಿದ್ದಾರೋ.

ಅಳಿಸಿದ ಫೈಲ್ ಹುಡುಕುವ ಸಾಫ್ಟ್‌ವೇರ್ ಓಡಿಸಿ ನೋಡಿದೆವು. ಅಳಿಸಿದ ಜಾಗದ ಮೇಲೆ ಬೇರೆ ಏನೂ ಬರೆಯದಿದ್ದರೆ ಸಿಗುವ ಆಸೆ ಇರುತ್ತದೆ. ಇಲ್ಲಿ ಬರೆದಾಗಿತ್ತು. ಸಿಗಲಿಲ್ಲ. ಕೈಯಲ್ಲಿ ಉಳಿದದ್ದು ಎಲ್ಲ ಸೇರಿದ ಆ ಎಂಪಿ3 ಒಂದೇ. ಕಾಕಾ ಅದನ್ನು ಎರಡು ಸಲ ಕೇಳಿದರು. ಹಾರ್ಮೋನಿಯಂ ಅದರಲ್ಲಿದೆ, ಮೂಲದಷ್ಟು ಚೊಕ್ಕವಾಗಿ ಬೇರೆ ಮಾಡಲು ಬರುವುದಿಲ್ಲ.

ಎರಡು ರಾತ್ರಿಯ ಕೆಲಸ

ಹಗಲು 42 ಡಿಗ್ರಿ ಬಿಸಿಲು. ತಗಡಿನ ಕೆಳಗಿನ ಕೋಣೆ. ಮಧ್ಯಾಹ್ನ ಎಕ್ಸ್‌ಟರ್ನಲ್ ಡಿಸ್ಕ್ ಮುಟ್ಟಿದರೆ ಕೈ ಸುಡುವಂತಿತ್ತು. ಹಳೆಯ ಕಂಪ್ಯೂಟರಿನ ಹನ್ನೆರಡು ವರ್ಷದ ಡಿಸ್ಕನ್ನು ಆ ಕಾವಿನಲ್ಲಿ ಗಂಟೆಗಟ್ಟಲೆ ಓಡಿಸುವುದು ಬೇಡ ಎಂದು ದೊಡ್ಡ ಕಾಪಿಗಳನ್ನೆಲ್ಲ ರಾತ್ರಿ ಒಂಬತ್ತರ ಮೇಲೆ ಇಟ್ಟುಕೊಂಡೆವು. ಕೂಲರ್ ಹಚ್ಚಿ, ಯುಪಿಎಸ್ ಮೇಲೆ. ಕಾಪಿ ನಡೆಯುವಾಗ ಕರೆಂಟ್ ಹೋದರೆ ಅರ್ಧ ಬರೆದ ಫೈಲ್ ಉಳಿಯುತ್ತದೆ, ಹೊರಗಿನಿಂದ ನೋಡಿದರೆ ಅದು ಪೂರ್ತಿ ಫೈಲಿನ ಹಾಗೆಯೇ ಕಾಣಬಹುದು.

ಮೊದಲು, ಯೋಚನೆ ಮಾಡದೆ, ಹಳೆಯ ಡಿಸ್ಕಿನ ಸಿ ಮತ್ತು ಡಿ ಎರಡನ್ನೂ ಇದ್ದ ಹಾಗೆಯೇ ಒಂದು ಹೊಸ ಡಿಸ್ಕಿಗೆ ಹಾಕಿದೆವು. ಯಾವುದು ಬೇಕು, ಯಾವುದು ಬೇಡ ಎಂದು ಆರಿಸಲು ಕೂತರೆ ತಪ್ಪುವುದೇ ಆಗ. ಇದಕ್ಕೆ ವಿಂಡೋಸಿನಲ್ಲೇ ಇರುವ, ಕಾಪಿ ಮಾಡುವ ರೋಬೋಕಾಪಿ ಎಂಬ ಸಾಧನ ಬಳಸಿದೆ. ಅದರಲ್ಲಿ ಮಿರರ್ ಎಂಬ ಆಯ್ಕೆ ಇದೆ, ಅದನ್ನು ಮುಟ್ಟಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಅದು ಇನ್ನೊಂದು ಕಡೆಯಿಂದ ಅಳಿಸಿಬಿಡುತ್ತದೆ. ನಿದ್ದೆಗಣ್ಣಿನಲ್ಲಿ ಎರಡು ಡ್ರೈವಿನ ಅಕ್ಷರ ಅದಲುಬದಲಾದರೆ ಕತೆ ಮುಗಿದ ಹಾಗೆ.

ಆಮೇಲೆ 22 ಪದಗಳಿಗೆ ಬೇರೆ ಉಪಚಾರ. ಹಳೆಯ ಕಂಪ್ಯೂಟರಿನಲ್ಲೇ, ಧ್ವನಿ ಇನ್ನೂ ಸಿಗುತ್ತಿರುವಾಗ, ಒಂದೊಂದನ್ನೂ ತೆರೆದು ಸೇವ್ ಆ್ಯಸ್ ಕೊಟ್ಟೆವು. ಆ ಕಿಟಕಿಯ ಕೆಳಗೆ ಪ್ರಾಜೆಕ್ಟಿಗೆ ಬೇರೆ ಫೋಲ್ಡರ್ ಮಾಡು, ಎಲ್ಲ ಮೀಡಿಯಾ ಅದರೊಳಗೆ ಕಾಪಿ ಮಾಡು ಎಂಬ ಗುರುತು ಹಾಕುವ ಜಾಗಗಳಿವೆ. ಹನ್ನೆರಡು ವರ್ಷ ಕಾಕಾ ಅವುಗಳನ್ನು ನೋಡಿಯೂ ನೋಡಿರಲಿಲ್ಲ. ಬಹಳ ಜನ ನೋಡುವುದಿಲ್ಲ. ಅಲ್ಲಿ ಕಾಪಿಯ ಜೊತೆಗೆ ಮೂವ್ ಅಂತಲೂ ಇದೆ, ಅದು ಬೇಡ. ಬೇರೆ ರೆಕಾರ್ಡಿಂಗ್ ಸಾಫ್ಟ್‌ವೇರುಗಳಾದ ಕ್ಯೂಬೇಸಿನಲ್ಲಿ ಬ್ಯಾಕಪ್ ಪ್ರಾಜೆಕ್ಟ್, ಏಬಲ್ಟನ್ ಲೈವ್‌ನಲ್ಲಿ ಕಲೆಕ್ಟ್ ಆಲ್ ಆ್ಯಂಡ್ ಸೇವ್ ಎಂದು ಇದೇ ಕೆಲಸಕ್ಕೆ ಬೇರೆ ಹೆಸರುಗಳಿವೆ. ಒಡಾಸಿಟಿಯವರಿಗೆ 2021ರಲ್ಲಿ ಬಂದ 3.0 ಆವೃತ್ತಿಯಿಂದ ಧ್ವನಿ, ಚೀಟಿ ಎರಡೂ ಒಂದೇ ಫೈಲಿನಲ್ಲಿ ಬರುತ್ತವೆ. ಅದಕ್ಕಿಂತ ಹಳೆಯ ಒಡಾಸಿಟಿ ಪ್ರಾಜೆಕ್ಟುಗಳಿದ್ದರೆ ಪಕ್ಕದಲ್ಲಿರುವ ಡೇಟಾ ಎಂಬ ಫೋಲ್ಡರ್ ಬಿಟ್ಟು ಹೋಗದಂತೆ ನೋಡಬೇಕು.

ನಡುವೆ ಕಾಕಾಗೆ ಒಂದು ಆಸೆ ಬಂತು. ಬಳಸದ ಟೇಕುಗಳನ್ನು ಅಳಿಸಿ ಜಾಗ ಉಳಿಸೋಣ, ರೀಪರಿನಲ್ಲೇ ಫೋಲ್ಡರ್ ಸ್ವಚ್ಛ ಮಾಡುವ ಆಯ್ಕೆ ಇದೆಯಲ್ಲ ಅಂದರು. ನಾನು ಖಂಡಿತ ಬೇಡ ಅಂದೆ. ಮುತ್ಯಾನ ಏಕತಾರಿಯ ಒಂದು ಉದ್ದನೆ ಶ್ರುತಿಯನ್ನು ಕಾಕಾ ಮೂರು ಬೇರೆ ಪದಗಳಲ್ಲಿ ಬಳಸಿಕೊಂಡಿದ್ದರು. ಒಂದು ಪ್ರಾಜೆಕ್ಟಿನ ಕಣ್ಣಿಗೆ ಬೇಡವಾದ ಫೈಲ್ ಇನ್ನೊಂದಕ್ಕೆ ಬೇಕಾಗಿರುತ್ತದೆ. ಸ್ವಚ್ಛ ಮಾಡುವುದಿದ್ದರೆ ಆರು ತಿಂಗಳು ಕಳೆದ ಮೇಲೆ ಮಾಡಲಿ. ಮನೆ ಬದಲಿಸುವ ದಿನ ಅಟ್ಟದ ಸಾಮಾನು ಎಸೆಯಬಾರದು. ತರಂಗದ ಚಿತ್ರ ತೋರಿಸುವ ರೀಪೀಕ್ಸ್ ಫೈಲುಗಳು ಬಾರದಿದ್ದರೆ ಚಿಂತೆ ಇಲ್ಲ, ಅವು ತಾವೇ ಮತ್ತೆ ಹುಟ್ಟುತ್ತವೆ.

ಎಫೆಕ್ಟುಗಳಲ್ಲಿ ಒಂದು ಗಂಟು ಬಿತ್ತು. ಫ್ಯಾನಿನ ಸದ್ದು ತೆಗೆಯಲು ಕಾಕಾ ಒಂದು ಹಳೆಯ 32 ಬಿಟ್ ಪ್ಲಗಿನ್, ಅಂದರೆ ರೀಪರಿಗೆ ಹೊರಗಿನಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್, ಬಳಸಿದ್ದರು. ಅದರ ಇನ್‌ಸ್ಟಾಲರ್ ಈಗ ಎಲ್ಲೂ ಇಲ್ಲ. ಹೊಸದರಲ್ಲಿ ಹೇಗಾದರೂ ಓಡಿಸುವ ಸಾಹಸಕ್ಕಿಂತ, ಹಳೆಯದರಲ್ಲೇ ಅದನ್ನು ಹಾಕಿದ ಟ್ರ್ಯಾಕುಗಳನ್ನು ಎಫೆಕ್ಟ್ ಸಮೇತ ಹೊಸ ವೇವ್ ಫೈಲಾಗಿ ಇಳಿಸುವುದು ಸರಿ ಅನ್ನಿಸಿತು. ಎಫೆಕ್ಟ್ ಇಲ್ಲದ ಮೂಲ ಧ್ವನಿ ಪ್ರಾಜೆಕ್ಟಿನಲ್ಲೇ ಇದೆ. ಇಳಿಸುವಾಗ ಪ್ರತಿಯೊಂದೂ ಪದದ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ ನೋಡಿಕೊಂಡೆವು. ದಮ್ಮಡಿ ಎರಡು ನಿಮಿಷದ ಮೇಲೆ ಬಂದರೂ ಅದರ ಫೈಲ್ ಸೊನ್ನೆಯಿಂದ. ನಾಳೆ ರೀಪರೇ ಇಲ್ಲದಿದ್ದರೂ, ಯಾವ ಸಾಫ್ಟ್‌ವೇರಿನಲ್ಲಾದರೂ ಎಲ್ಲವನ್ನೂ ಎಡಕ್ಕೆ ಸಾಲಾಗಿ ಇಟ್ಟರೆ ಪದ ಕೂಡಿಕೊಳ್ಳುತ್ತದೆ. ಇಪ್ಪತ್ತು ವರ್ಷದ ಮೇಲೆ ಓದಲು ಸಿಗುವುದು ಈ ವೇವ್‌ಗಳೇ, ಪ್ರಾಜೆಕ್ಟ್ ಫೈಲ್ ಅಲ್ಲ, ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಶಿವರಾತ್ರಿ ಜಾಗರಣೆಯ ಭಜನೆಯ ಒಂದು ಫೈಲನ್ನು ಕಾಕಾ ಕೆಟ್ಟಿದೆ ಎಂದು ಬಿಟ್ಟಿದ್ದರು. ಕೆಟ್ಟಿರಲಿಲ್ಲ. ನಾಲ್ಕೂಕಾಲು ಗಂಟೆಯ ಸ್ಟೀರಿಯೋ, ನಾಲ್ಕು ಜಿಬಿ ದಾಟಿತ್ತು. ಅವರು ಹಾಕಲು ಹೋದದ್ದು ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದ 32 ಜಿಬಿ ಪೆನ್ ಡ್ರೈವಿಗೆ. ಅದು ನಾಲ್ಕು ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಹಿಡಿಯುವುದಿಲ್ಲ, ಜಾಗ ಎಷ್ಟಿದ್ದರೂ. ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದ ಡಿಸ್ಕಿಗೆ ಸಲೀಸಾಗಿ ಹೋಯಿತು.

ಕನ್ನಡದ ತೊಡಕು ಎರಡು

ಪದಗಳ ಸಾಹಿತ್ಯವನ್ನು ಟೈಪ್ ಮಾಡಿದ್ದು ಕಾಕಾನ ಮಗಳು. ಆಗಿನ್ನೂ ಮದುವೆ ಆಗಿರಲಿಲ್ಲ, ಈಗ ಬೀದರಿನಲ್ಲಿದ್ದಾಳೆ. ಮುತ್ಯಾ ಎಲ್ಲಿ ಯಾವ ಸಾಲು ಬದಲಿಸಿ ಹಾಡಿದರು, ಯಾವ ಟೇಕ್ ಒಳ್ಳೆಯದು, ಎಲ್ಲ ಬರೆದಿಟ್ಟಿದ್ದಾಳೆ. ಹೊಸ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಟೈಪಿಂಗ್ ಅದು, ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಡೆ ಕನ್ನಡ ಕಾಣುವುದಿಲ್ಲ. ಹಳೆಯ ಫಾಂಟ್ ಹೊಸದಕ್ಕೂ ಹಾಕಿ, ಜೊತೆಗೆ ಪರಿವರ್ತಕದಲ್ಲಿ ಯೂನಿಕೋಡಿಗೆ ತಿರುಗಿಸಿದೆವು. ಕೆಲವು ಕಡೆ ಅರ್ಕಾವತ್ತು ಜಾಗ ತಪ್ಪಿ ಕೂತಿತ್ತು. ಫೋನಿನಲ್ಲಿ ಅವಳೇ ಒಂದೊಂದು ಸಾಲು ಓದಿಸಿ ತಿದ್ದಿಸಿದಳು. "ಅಣ್ಣಾ, ಅಲ್ಲಿ ಮುತ್ಯಾ ಹಂಗೇ ಅಂತಾರ, ತಿದ್ದಬ್ಯಾಡ್ರಿ" ಎಂದು ಒಂದು ಕಡೆ ನನ್ನನ್ನೇ ತಡೆದಳು. ಫೈಲಿನಲ್ಲಿದ್ದದ್ದು ತಪ್ಪಲ್ಲ, ಊರ ಮಾತು.

ಇನ್ನೊಂದು, ಹೆಸರುಗಳ ಉದ್ದ. ವಿಂಡೋಸಿನಲ್ಲಿ ಡ್ರೈವಿನಿಂದ ಫೈಲಿನವರೆಗಿನ ಪೂರ್ತಿ ವಿಳಾಸಕ್ಕೆ ಸಾಮಾನ್ಯವಾಗಿ 260 ಅಕ್ಷರದ ಮಿತಿ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ತತ್ವಪದ ಅನ್ನುವುದು ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಆರು. ಕಾಕಾ ಫೋಲ್ಡರಿನೊಳಗೆ ಫೋಲ್ಡರ್ ಮಾಡಿ, ಪದದ ಮೊದಲ ಸಾಲನ್ನೇ ಪೂರ್ತಿ ಹೆಸರಾಗಿ ಇಟ್ಟಿದ್ದರು. ಹೊಸ ಫೋಲ್ಡರುಗಳಿಗೆ ಹಾಕುವಾಗ ಎರಡು ಫೈಲ್ ಅದಕ್ಕೇ ಹೋಗದೆ ನಿಂತಿದ್ದವು. ಫೋಲ್ಡರಿಗೆ ನಂಬರ್ ಮತ್ತು ಒಂದು ಶಬ್ದ, ಇಷ್ಟೇ ಇಟ್ಟೆವು. ಪೂರ್ತಿ ಸಾಲು ಒಳಗಿನ ಚೀಟಿಯಲ್ಲಿದೆ.

ಎಲ್ಲಿ ಏನಿದೆ

ಫೋಟೋಗ್ರಾಫರ್ ಪೀಟರ್ ಕ್ರೋ ಅವರಿಂದ ಹೆಸರಾದ, ಬ್ಯಾಕಪ್ ಇಡುವ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಕಾಕಾನ ಮನೆಗೆ ಅದು ಹೀಗೆ ಬಂತು. ಒಂದು ಹೊಸ ಕಂಪ್ಯೂಟರಿನ ಎಸ್‌ಎಸ್‌ಡಿಯಲ್ಲಿ. ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಕೆಳಗಿನ ಮನೆಯ ಅಲಮಾರಿಯಲ್ಲಿ. ಇನ್ನೊಂದು ಡಿಸ್ಕ್ ಬೀದರಿನ ಮಗಳ ಮನೆಗೆ. ಕ್ಲೌಡಿಗೂ ಹಾಕೋಣ ಅಂದರು. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಎಂದು ಹಿಡಿದರೂ 300 ಜಿಬಿಗೆ ಮೂವತ್ತು ಗಂಟೆ ಮೀರುತ್ತದೆ. ಅದಕ್ಕೆ 22 ಪದಗಳ ವೇವ್‌ಗಳನ್ನು ಮಾತ್ರ ಫ್ಲ್ಯಾಕ್ ಮಾಡಿ ಹಾಕಿದೆವು. ಫ್ಲ್ಯಾಕಿನಲ್ಲಿ ಗಾತ್ರ ಇಳಿಯುತ್ತದೆ, ಧ್ವನಿಯ ಒಂದು ಬಿಟ್ಟೂ ಕಳೆಯುವುದಿಲ್ಲ. ಎಂಪಿ3ಗೆ ಈ ಮಾತು ಹೇಳಲು ಬರುವುದಿಲ್ಲ.

ಕಾಪಿ ಆದ ಮೇಲೆ ಫೈಲಿನ ಸಂಖ್ಯೆ, ಒಟ್ಟು ಬೈಟು ತಾಳೆ ನೋಡಿದೆವು. 22 ಪದಗಳಿಗೆ ಚೆಕ್‌ಸಮ್ ಕೂಡ ತೆಗೆದೆ. ಅದು ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ, ಒಳಗೆ ಒಂದು ಬಿಟ್ ಬದಲಾದರೂ ಗುರುತು ಬೇರೆಯಾಗುತ್ತದೆ. ಎಲ್ಲ ಕೂಡಿದವು. ಆದರೂ ಕೊನೆಗೆ ಮತ್ತೆ ವೈರ್ ಕಿತ್ತು, ಹಳೆಯದನ್ನು ಆಫ್ ಮಾಡಿ, 22ನ್ನೂ ತೆರೆದು ಕೇಳಿದೆವು. ಪೂರ್ತಿ ಅಲ್ಲ. ಶುರು, ನಡು, ಕೊನೆ. ಕಾಕಾ ಮಾತ್ರ ನಾಲ್ಕನೇ ಪದವನ್ನು ಪೂರ್ತಿ ಕೇಳಿದರು.

ಸೋಮವಾರ ಅಂಗಡಿಯವರು ಬಂದಾಗ ಡಿಸ್ಕ್ ಬಿಚ್ಚಿ ಇಟ್ಟುಕೊಂಡು ಬರೀ ಡಬ್ಬಿ ಕೊಟ್ಟೆವು. ಎಕ್ಸ್‌ಚೇಂಜ್ ಬೆಲೆಯಲ್ಲಿ ಸಾವಿರ ರೂಪಾಯಿ ಕಡಿಮೆ ಮಾಡಿದರು. ಕಾಕಾ ಮರುಮಾತಾಡದೆ ಒಪ್ಪಿದರು. ಪ್ಲಗಿನ್‌ಗಳ ಲೈಸೆನ್ಸನ್ನು ಹಳೆಯದರಿಂದ ಬಿಡಿಸಿಕೊಳ್ಳುವ ಕೆಲಸ ಮಾತ್ರ ಭಾನುವಾರ ರಾತ್ರಿಯೇ ಮುಗಿಸಿದ್ದೆವು, ಕಂಪ್ಯೂಟರ್ ಹೋದ ಮೇಲೆ ಅದಕ್ಕೆ ಕಂಪನಿಗಳಿಗೆ ಬರೆದು ಕಾಯಬೇಕು.

ಹದಿನೈದು ದಿನ ಬಿಟ್ಟು ಹಾರ್ಮೋನಿಯಂ ಮಾಸ್ತರು ಬಂದರು. ಅದೇ ಪೆಟ್ಟಿಗೆ, ಶ್ರುತಿಯೂ ಅದೇ ಕಪ್ಪು ಎರಡು. ಕಾಕಾ ಹೊಸ ಫೋಲ್ಡರ್ ಮಾಡಿ, ಪ್ರಾಜೆಕ್ಟ್ ಸೇವ್ ಮಾಡಿ, ಆಮೇಲೆ ಹೆಡ್‌ಫೋನ್ ಕೊಟ್ಟರು. ಮುತ್ಯಾ ಲಯವನ್ನು ತಮ್ಮಿಷ್ಟಕ್ಕೆ ಎಳೆಯುತ್ತಿದ್ದರು, ಮೂರನೇ ನುಡಿಯ ಕೊನೆಗೆ ಒಂದು ಉಸಿರು ಜಾಸ್ತಿ ನಿಲ್ಲುತ್ತಾರೆ. ಎದುರು ಕೂತಿದ್ದರೆ ಮುಖ ನೋಡಿ ತಿಳಿಯುತ್ತಿತ್ತು. ಈಗ ಮುಖ ಇಲ್ಲ. ಮಾಸ್ತರು ಎರಡು ಸಲ ಅಲ್ಲಿ ಮುಂದೆ ಹೋದರು. ಮೂರನೇ ಸಲ ಬಾರಿಸುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಆ ನುಡಿ ಬರೀ ಕೇಳಿದರು. ನಾಲ್ಕನೇ ಟೇಕ್ ಕೂತಿತು. ಹಳೆಯ ಎಂಪಿ3ಯಲ್ಲಿ ಇದ್ದಂತೆ ಇಲ್ಲ, ಇನ್ನಷ್ಟು ತಗ್ಗಿದ ನುಡಿಸಾಣಿಕೆ. ಕಾಕಾ ಎರಡನ್ನೂ ಇಟ್ಟುಕೊಂಡಿದ್ದಾರೆ. ಅವತ್ತು ರಾತ್ರಿಯೇ ಅಲಮಾರಿಯ ಡಿಸ್ಕಿಗೆ ಹೊಸ ಟೇಕ್ ಹೋಯಿತು. ಬೀದರಿನ ಡಿಸ್ಕಿಗೆ ಪಂಚಮಿಗೆ ಮಗಳು ಬಂದಾಗ.